ಕರಿಕಲ್ಲಿನ ಮೇಲೆ ಒಂದು ಪ್ರಾರ್ಥನೆ

“ಮೊದಲು ಚಪ್ಪಲಿ ಬಿಚ್ಚಿ ಅದರ ಮೇಲೆ ನಿಲ್ಲಪ್ಪ, ಆಮೇಲೆ ಮಾತಾಡು,” ಎಂದಳು ಬೆನೀತಾ.

ಮರಳುಗಾಡಿನ ಊರು ಯೂಮಾದಲ್ಲಿ ಜುಲೈ ಮಧ್ಯಾಹ್ನ. ಹಿತ್ತಲಿನ ಈಜುಕೊಳದ ಸುತ್ತಲಿನ ಹಳೆಯ ಸಿಮೆಂಟು ಬಿರುಕು ಬಿಟ್ಟಿದ್ದರಿಂದ ಅದನ್ನು ಕಿತ್ತು ಹಾಕಿಯಾಗಿತ್ತು. ಹೊಸದಾಗಿ ಏನು ಹಾಸಬೇಕೆಂದು ನೋಡಲು ಅಂಗಡಿಯವರು ಕೊಟ್ಟುಹೋಗಿದ್ದ ಎರಡು ಚಪ್ಪಡಿಗಳು ಬೆಳಗಿನಿಂದ ನೀರಿನಂಚಿನಲ್ಲಿ ಬಿಸಿಲು ಕುಡಿಯುತ್ತ ಬಿದ್ದಿದ್ದವು. ಒಂದು ನುಣ್ಣನೆಯ ಕರಿಕಲ್ಲು, ಇನ್ನೊಂದು ಮೈತುಂಬ ಸಣ್ಣ ಸಣ್ಣ ತೂತುಗಳಿದ್ದ ಬಿಳಿಚಿದ ಕಲ್ಲು. ಕರಿಯದು ಅಳಿಯ ರೊಹೇಲಿಯೊನ ಆಯ್ಕೆ. ಲಾಸ್ ವೇಗಸ್‌ನ ಯಾವುದೋ ಹೋಟೆಲಿನಲ್ಲಿ ಅಂಥದ್ದನ್ನು ನೋಡಿ ಬಂದಾಗಿನಿಂದ ಅವನಿಗೆ ಅದೇ ಧ್ಯಾನ. ಬಿಳಿಯದು ಅತ್ತೆ ಬೆನೀತಾಳದು. ನಡುವೆ ಸಿಕ್ಕ ಅರಸೇಲಿಗೆ, ಅಂದರೆ ಇವಳ ಮಗಳು ಅವನ ಹೆಂಡತಿಗೆ, ಯಾವುದಾದರೂ ಸರಿ, ಮನೆಯೊಳಗೆ ಧೂಳು ಬರುವುದೊಂದು ನಿಂತರೆ ಸಾಕಾಗಿತ್ತು.

“ಅತ್ತೆ, ನಾನು ಹುಟ್ಟಿ ಬೆಳೆದದ್ದೇ ಈ ಮರಳುಗಾಡಲ್ಲಿ. ಬಿಸಿಲು ಅಂದ್ರೆ ಏನು ಅಂತ ನನಗೆ ಹೇಳ್ಕೊಡಬೇಡಿ.”

“ನಾನೆಲ್ಲಿ ಹೇಳ್ಕೊಟ್ಟೆ? ನಾನೊಂದು ಪ್ರಾರ್ಥನೆ ಹೇಳಿ ಮುಗಿಸೋ ತನಕ ಬರಿಗಾಲಲ್ಲಿ ನಿಂತ್ಕೋ, ಸಾಕು. ಆಮೇಲೆ ಕರೀದನ್ನೇ ಹಾಸಿಸು. ನಾನು ತುಟಿ ಪಿಟಕ್ಕನ್ನಲ್ಲ.”

ಅತ್ತೆ ತುಟಿ ಪಿಟಕ್ಕೆನ್ನದ ಮನೆಯನ್ನು ನೆನೆದೇ ರೊಹೇಲಿಯೊನ ಮುಖ ಅರಳಿತು. ಚಪ್ಪಲಿ ಬಿಟ್ಟು, ಸಭೆಯಲ್ಲಿ ಭಾಷಣಕ್ಕೆ ಹತ್ತುವವನಂತೆ ಕರಿಕಲ್ಲು ಹತ್ತಿದ. ಹತ್ತಿದೊಡನೆ ಅವನ ಹುಬ್ಬುಗಳೂ ಮೇಲೆ ಹತ್ತಿದವು.

ಬೆನೀತಾ ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡಳು. “ಪರಲೋಕದಲ್ಲಿರುವ... ನಮ್ಮ... ತಂದೆಯೇ...” ಒಂದೊಂದು ಪದವನ್ನೂ ಬಾಯಲ್ಲಿ ಕರಗಿಸಿ ಕರಗಿಸಿ ಹೊರಗೆ ಬಿಟ್ಟಳು. ಅದು ಮುಗಿಯಿತು ಎನ್ನುವಷ್ಟರಲ್ಲಿ, “ಹಾಗೇನೇ ತಂದೆಯೇ, ನನ್ನ ತಂಗಿ ಕ್ರಿಸಾಂತಾಳ ಮಂಡಿನೋವು ವಾಸಿಯಾಗಲಿ. ಅವಳ ಗಂಡ ಕುಡಿಯೋದು ಬಿಡಲಿ. ಅವರ ಕುಂಟು ಮೇಕೆ ನೆಟ್ಟಗಾಗಲಿ. ಪಕ್ಕದ ಮನೆ ಮುದುಕನಿಗೆ ಕಿವಿ ಕೇಳಿಸಲಿ...”

“ಅತ್ತೆ, ಇದು ಪ್ರಾರ್ಥನೆನೋ ಜನಗಣತಿನೋ?” ರೊಹೇಲಿಯೊ ಒಂದು ಕಾಲು ಎತ್ತಿ ಇನ್ನೊಂದು ಇಳಿಸುತ್ತಿದ್ದ.

“ನಡುವೆ ಮಾತಾಡಬಾರದು. ಕುಣೀಲೂಬಾರದು. ದೇವರು ನೋಡ್ತಿರ್ತಾನೆ.”

ಬದುಕಿದ್ದವರನ್ನು ಮುಗಿಸಿ ಅವಳು ಸತ್ತವರಿಗೆ ಬಂದಳು. ತಾಯಿ, ಅಣ್ಣ, ಬಾಣಂತನದಲ್ಲಿ ಹೋದ ಅತ್ತಿಗೆ. ಮುಂದಿನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಗಂಡ ಫೆರ್ಮಿನ್ ಲೆಟ್ಯೂಸ್ ಸೊಪ್ಪಿನ ಹೊಲದ ಮೇಸ್ತ್ರಿಯಾಗಿದ್ದಾಗ, ಮಗಳ ಹಿಂದೆ ಬಿದ್ದಿದ್ದಾನೆಂಬ ಒಂದೇ ಕಾರಣಕ್ಕೆ ರೊಹೇಲಿಯೊನನ್ನು ಎಲ್ಲರ ಮುಂದೆ ಬೈದು ಕೆಲಸದಿಂದ ಓಡಿಸಿದ್ದ. ಮದುವೆಗೂ ಬರಲಿಲ್ಲ. ಅಂದಿನಿಂದ ಅಳಿಯ ಆ ಹೆಸರೆತ್ತಿದವನಲ್ಲ. ಎತ್ತಲೇಬೇಕಾದಾಗ “ಆ ಮನುಷ್ಯ” ಎನ್ನುತ್ತಿದ್ದ. ಫೆರ್ಮಿನ್ ತೀರಿಕೊಂಡ ಮೇಲೆ ಬೆನೀತಾ ಈ ಮನೆಗೆ ಬಂದಳು, ಗಂಡನ ಹೆಸರನ್ನು ಬಾಗಿಲಾಚೆಯೇ ಬಿಟ್ಟು ಬಂದಳು.

ಅವಳು ತಡವರಿಸಿದ್ದನ್ನು ಕಂಡು, ಇನ್ನೂ ಯಾರ ಯಾರನ್ನು ಗೋರಿಯಿಂದ ಎಬ್ಬಿಸುತ್ತಾಳೋ ಎಂದು ಹೆದರಿದ ರೊಹೇಲಿಯೊ ಅಂಗಿ ಪ್ಯಾಂಟಿನ ಸಮೇತ ಕೊಳಕ್ಕೆ ಹಾರಿದ.

“ಆಮೆನ್,” ಎಂದಳು ಬೆನೀತಾ.

ಎದೆಮಟ್ಟದ ನೀರಿನಲ್ಲಿ ಎದ್ದು ನಿಂತವನು ಮುಖ ಒರೆಸಿಕೊಂಡ. “ಕರೀದು ಸೋತ್ರೆ ಬಿಳೀದು ಗೆದ್ದ ಹಾಗಾಯ್ತಾ? ಈಗ ನೀವು ಹತ್ತಿ. ಪ್ರಾರ್ಥನೆ ನಂದು.”

“ನೀರಲ್ಲಿ ತಣ್ಣಗೆ ನಿಂತ್ಕೊಂಡು ಪ್ರಾರ್ಥನೆ ಮಾಡ್ತಾನಂತೆ,” ಎಂದಳು ಪಾನಕದ ಹೂಜಿ ಹಿಡಿದು ಹೊರಗೆ ಬಂದ ಅರಸೇಲಿ.

“ಜನಕ್ಕೆ ದೀಕ್ಷಾಸ್ನಾನ ಕೊಡೋವಾಗ ಸ್ನಾನಿಕ ಯೋಹಾನ ಎಲ್ಲಿ ನಿಂತಿದ್ದ ಮತ್ತೆ? ಹೊಳೇಲಿ ತಾನೆ?”

ಬೆನೀತಾ ಚಪ್ಪಲಿ ಬಿಟ್ಟು ಬಿಳಿಕಲ್ಲು ಹತ್ತಿದಳು. ಬಿಸಿಯೇನೋ ಇತ್ತು, ಸುಳ್ಳು ಯಾಕೆ. ಆದರೆ ಆಗಷ್ಟೇ ಹಂಚಿನಿಂದ ತೆಗೆದ ತೊರ್ತಿಯಾ ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದಷ್ಟು. ತಡೆದುಕೊಳ್ಳಬಹುದು.

ರೊಹೇಲಿಯೊನೂ ಬಿಡಲಿಲ್ಲ. ತನ್ನ ಅಜ್ಜಿಯಿಂದ ಶುರುಮಾಡಿ ಗಡಿಯಾಚೆ ಸೊನೋರಾದಲ್ಲಿರುವ ದಾಯಾದಿಗಳನ್ನೆಲ್ಲ ಒಬ್ಬೊಬ್ಬರಾಗಿ ದೇವರ ಮುಂದೆ ನಿಲ್ಲಿಸಿದ. ತನ್ನ ಲಾರಿಯ ಗೇರ್‌ಬಾಕ್ಸಿಗೂ ಆರೋಗ್ಯ ಕೇಳಿದ. “ನಮ್ಮ ಒಬ್ದೂಲಿಯಾ ಚಿಕ್ಕಮ್ಮನಿಗೆ ದೀರ್ಘಾಯುಷ್ಯ ಕೊಡು ತಂದೆಯೇ,” ಎಂದು ಹೇಳಿ ಕಾದ. ಮದುವೆಯ ದಿನ ಬೆನೀತಾಳ ದೊಡ್ಡ ಹಂಡೆಯನ್ನು ಹೊತ್ತುಕೊಂಡು ಹೋಗಿ ಇವತ್ತಿಗೂ ಹಿಂದೆ ಕೊಡದ ಹೆಂಗಸು ಆಕೆ. “ಆಮೆನ್ ಅನ್ನಿ ಅತ್ತೆ.”

“ಆಮೆನ್,” ಎಂದು ಹಲ್ಲು ಕಡಿದಳು ಬೆನೀತಾ. ಅಂಗಾಲು ಚುರುಗುಟ್ಟುತ್ತಿತ್ತು. ಆದರೂ ಕದಲಲಿಲ್ಲ.

ಅಳಿಯನ ನಗು ಅಲ್ಲಿಗೆ ನಿಂತಿತು. ತಲೆ ತಗ್ಗಿಸಿ, ನೀರನ್ನು ಅಂಗೈಯಿಂದ ಆಚೀಚೆ ತಳ್ಳಿದ. ಆಮೇಲೆ ತಗ್ಗಿದ ದನಿಯಲ್ಲಿ, “ಮತ್ತೆ... ಫೆರ್ಮಿನ್ ಮಾವ. ಅವರಿಗೂ ನೆಮ್ಮದಿ ಕೊಡು,” ಎಂದ.

ದಾಸವಾಳದ ಪಾನಕ ಬಗ್ಗಿಸುತ್ತಿದ್ದ ಅರಸೇಲಿಯ ಕೈ ಹಾಗೇ ನಿಂತಿತು. ಗಂಡನನ್ನು ನೋಡಿದಳು, ತಾಯಿಯನ್ನು ನೋಡಿದಳು.

“ಆಮೆನ್. ಮುಗೀತು,” ಎಂದ ರೊಹೇಲಿಯೊ, ಯಾರ ಮುಖವನ್ನೂ ನೋಡದೆ. “ಬಿಳೀದೇ ಹಾಸಿಸೋಣ. ಇಳೀರಿ ಅತ್ತೆ, ಕಾಲು ಸುಡುತ್ತೆ.”

ಬೆನೀತಾ ಇಳಿಯಲಿಲ್ಲ.

“ಕೊನೇದು ಸರಿಯಾಗಿ ಕೇಳಿಸಲಿಲ್ಲ,” ಎಂದಳು. “ಇನ್ನೊಂದು ಸಲ ಹೇಳು.”