ಸೊಪ್ಪುಗಂಪು

“ಸೊಪ್ಪುಗಂಪು ಅಂದ್ರೆ ಏನ್ರೀ ಅರ್ಥ? ನಮ್ಮ ಚಹಾ ಕುಡಿಯೋರು ಜನ, ದನ ಅಲ್ಲ!” ಹೊಸ ಮ್ಯಾನೇಜರು ರುಚಿ ಬರೆದಿಡುವ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

ಮೂವತ್ತು ವರ್ಷದಿಂದ ಆ ಕಾರ್ಖಾನೆಯ ಚಹಾ ಹೀರಿ ಗುಣ ಹೇಳುತ್ತಿದ್ದ, ಎಲ್ಲರೂ ‘ನಾಲಿಗೆ ತಾತ’ ಎಂದೇ ಕರೆಯುವ ಹಿರಿಯರು ನಕ್ಕರು. “ಸೊಪ್ಪು ಬಿಡಿಸಿದ ಕೈಯನ್ನ ಎಷ್ಟು ತೊಳೆದ್ರೂ ಬೆರಳ ಸಂದೀಲಿ ಒಂಚೂರು ಪರಿಮಳ ಉಳಿಯುತ್ತಲ್ಲ ಸಾರ್, ಅದು. ಕಷಾಯದಷ್ಟು ಘಾಟು ಇರಲ್ಲ. ಎಳೇ ಚಿಗುರಿನ ಚಹಾದಲ್ಲಿ ಮಾತ್ರ ಸಿಗುತ್ತೆ.”

“ಜ್ವರ ಬಂದಾಗಿಂದ ನಿಮ್ಮ ಮೂಗು ಕೈಕೊಟ್ಟಿದೆ ಅಂತ ಕೇಳಿದೆ. ಇವತ್ತು ಪರೀಕ್ಷೆ. ಒಂದು ತಪ್ಪಿದ್ರೂ ನಾಳೆಯಿಂದ ಮನೇಲಿರಿ.”

ಬಟ್ಟಲು ತೊಳೆಯುವ ಅಕ್ಕ ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು. ತಾತ ಗುಟುಕು ಹೀರಿ ಕಣ್ಣು ಮುಚ್ಚಿದರೆ, ಪದ್ಯದ ಕಡೆಯ ಸಾಲಿಗೆ ಕಾಯುವವರಂತೆ ಉಸಿರು ಹಿಡಿದು ನಿಲ್ಲುವವಳು ಅವಳು. ಮ್ಯಾನೇಜರು ಕಿವಿಯಲ್ಲಿ ಹೇಳಿದಂತೆ ನಾಲ್ಕು ಬಟ್ಟಲು ತಂದಿಟ್ಟಳು. ತಾತನ ಕಣ್ಣಿಗೆ ಬಟ್ಟೆ ಕಟ್ಟಿತ್ತು.

ಮೊದಲ ಮೂರನ್ನು ತಾತ ಪಟಪಟನೆ ಹೇಳಿದರು: ಯಾವ ಇಳಿಜಾರಿನ ಎಲೆ, ಯಾವ ತಿಂಗಳ ಕೊಯ್ಲು. ನಾಲ್ಕನೆಯದನ್ನು ಹೀರಿ ತಡೆದರು. “ಇದ್ರಲ್ಲಿ ಚಹಾನೇ ಇಲ್ಲ. ಆದ್ರೂ ಸೊಪ್ಪುಗಂಪು ಇದೆ.”

ಮ್ಯಾನೇಜರು ಚಪ್ಪಾಳೆ ತಟ್ಟಿದರು. “ಅದು ಬರೀ ಬಿಸಿನೀರು ತಾತ! ಗಂಪೂ ಇಲ್ಲ, ಗಿಂಪೂ ಇಲ್ಲ. ಹೊರಡಿ.”

ತಾತ ಕಣ್ಣಿನ ಬಟ್ಟೆ ಬಿಚ್ಚಿದರು. ಬಟ್ಟಲನ್ನೇ ನೋಡುತ್ತಾ ಏಪ್ರನ್ನಿನ ಗಂಟಿಗೆ ಕೈಹಾಕಿದರು.

“ಯಾವ ಸೊಪ್ಪು ತಾತ?” ಅಕ್ಕ ಮೆಲ್ಲಗೆ ಕೇಳಿದಳು. ಅವಳ ತಲೆಯ ಮೇಲೇ ಬೋರ್ಡು ತೂಗುತ್ತಿತ್ತು: ವಾಸನೆ ಹತ್ತಿದ ಕೈ ಒಳಗೆ ಬರಕೂಡದು.

“ಸಬ್ಬಸಿಗೆ ಕಣಮ್ಮ. ಎಳೇದು.”

ಅಕ್ಕ ಮ್ಯಾನೇಜರ ಮುಂದೆ ಕೈ ಚಾಚಿದಳು. “ಬೆಳಗ್ಗೆ ಮನೇಲಿ ಅದನ್ನೇ ಬಿಡಿಸಿ ಬಂದೆ ಸಾರ್. ಎರಡು ಸಲ ಸೋಪು ಹಾಕಿ ತೊಳ್ಕೊಂಡಿದ್ದೆ. ಬಟ್ಟಲಿನ ಅಂಚು ಹಿಡಿದಿದ್ದು ಇದೇ ಬೆರಳು. ಚಹಾ ಇದ್ದದ್ರಲ್ಲಿ ಮುಚ್ಚಿಹೋಗಿದೆ, ಬರೀ ನೀರಲ್ಲಿ ಎದ್ದಿದೆ. ಕೆಲಸದಿಂದ ತೆಗೆಯೋದಿದ್ರೆ ನನ್ನ ತೆಗೀರಿ.”

ಮ್ಯಾನೇಜರು ಬಗ್ಗಿ ಮೂಸಿದರು. ಕನ್ನಡಕ ತೆಗೆದು ಇನ್ನೊಮ್ಮೆ ಮೂಸಿದರು. “ಸೋಪಿನ ವಾಸನೆ ಬಿಟ್ರೆ ಏನೂ ಇಲ್ವಲ್ಲಮ್ಮ?”

“ಅದಕ್ಕೇ ಸಾರ್, ರುಚಿ ನೋಡೋ ಕುರ್ಚಿ ಅವರದು, ಸಹಿ ಹಾಕೋ ಕುರ್ಚಿ ನಿಮ್ಮದು.”