ಎಡಗಡೆಯ ಹೂವು

ಕುಪ್ಪ ಗುನಗನ ಹೆಗಲ ವಸ್ತ್ರವನ್ನು ಜಟ್ಟಿ ಹಿಡಿದು ಜಗ್ಗಿದ. ಗುನಗ ಎಂದರೆ ಊರಮ್ಮನ ಪೂಜಾರಿ; ಅವನ ಮೇಲೆ ಯಾರೂ ಕೈ ಮಾಡುವುದಿಲ್ಲ. ಜಟ್ಟಿ ಮಾಡಿದ.

“ಈ ಹೂ ಎಂತಕ್ಕೆ ಬೀಳಲಿಲ್ಲ? ಇಷ್ಟು ದಿನ ಆತು!”

ಹೂ ಇಟ್ಟ ದಿನ ಮುಚ್ಚಿದ ಗುಡಿಯ ಬಾಗಿಲು ನೆರೆ ಇಳಿಯುವ ತನಕ ತೆರೆದಿರಲಿಲ್ಲ. ಅಮ್ಮನ ಎಡ ಹೆಗಲಿನ ಅಬ್ಬಲಿಗೆ ಹೂವು ಒಣಗಿ ತರಗಾದರೂ ಅಂಟಿಕೊಂಡೇ ಇತ್ತು. ಜಟ್ಟಿ ಉಗುರಿನಿಂದ ಕೆರೆದು ನೋಡಿದ. ಅಡಿಯಲ್ಲಿ ಹಿಸುಕಿದ ಅನ್ನ.

ಗೋವೆಯಿಂದ ಪೋರ್ಚುಗೀಸರು ಹೋದ ಮರುವರ್ಷ. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಕಡಲಿಂದ ಎದ್ದ ಗಾಳಿಮಳೆ ಕುಮಟೆಯ ಹಿನ್ನೀರಿನ ಆ ಊರನ್ನು ಮುಳುಗಿಸಿತ್ತು. ಪಂಚಾಯ್ತಿ ಚೇರ್ಮನ್ ರಮಾಕಾಂತ ಡಂಗುರ ಹೊಡೆಸಿದ: ಊರಿಗೆ ಆಪತ್ತು ಬಂದಿದೆ, ತಾಲೂಕಿನ ಮಾಮಲೇದಾರರ ಅಪ್ಪಣೆಗೆ ಕಾಯುವ ಹೊತ್ತಲ್ಲ, ಗದ್ದೆಯ ಒಂದು ಕಟ್ಟು ಒಡೆದು ಕೇರಿಗೆ ನುಗ್ಗಿದ ನೀರನ್ನು ಅತ್ತ ಹರಿಸಬೇಕು. ಒಡೆಯಬಹುದಾದ ಕಟ್ಟುಗಳು ಎರಡೇ. ಒಂದು ರಮಾಕಾಂತನದು, ಇನ್ನೊಂದು ಜಟ್ಟಿಯದು. ಎರಡರ ಒಳಗೂ ಕೊಯ್ಲಿಗೆ ನಿಂತ ಕಗ್ಗದ ಭತ್ತ.

“ನಾ ಹೇಳಿದ್ರೆ ಪಕ್ಷಪಾತ ಅಂತೀರಿ. ಅಮ್ಮನೇ ಹೇಳಲಿ,” ಎಂದಿದ್ದ ರಮಾಕಾಂತ.

ಗುಡಿಯಲ್ಲಿ ಹೂವಿನ ಪ್ರಸಾದ ಕೇಳಿದರು. ಅಮ್ಮನ ಎರಡೂ ಹೆಗಲಿಗೆ ಗುನಗ ಒದ್ದೆ ಹೂವು ಅಂಟಿಸಿದ. ಬಲದ್ದು ಮೊದಲು ಬಿದ್ದರೆ ಜಟ್ಟಿಯ ಕಟ್ಟು, ಎಡದ್ದು ಬಿದ್ದರೆ ರಮಾಕಾಂತನದು. ಬಲದ್ದು ಬಿತ್ತು. ಜಟ್ಟಿ ಅಮ್ಮನಿಗೆ ಕೈ ಮುಗಿದ. ತಾನೇ ಹಾರೆ ಹಿಡಿದು ತನ್ನ ಕಟ್ಟು ಒಡೆದ.

ವರ್ಷದ ಅನ್ನ ಉಪ್ಪುನೀರಿನ ಪಾಲಾಯಿತು. ಆ ಭತ್ತ ಮಾರಿ ಮಗಳು ಗಂಗೆಯ ಮದುವೆ ಮಾಡಬೇಕಿತ್ತು. ಗಂಡು ಭಟ್ಕಳದ ಅಂಗಡಿಕಾರ. ಎರಡನೇ ಸಂಬಂಧವಾದರೇನು, ಉಂಡುಟ್ಟು ಸುಖವಾಗಿರುವವ. ಆ ಮದುವೆಯೂ ನಿಂತುಹೋಯಿತು. ಅಮ್ಮನ ಮಾತೆಂದು ಜಟ್ಟಿ ಅದನ್ನೂ ನುಂಗಿಕೊಂಡಿದ್ದ. ಈಗ ನೋಡಿದರೆ ಶುದ್ಧ ಮೋಸ.

“ಎಷ್ಟು ಕೊಟ್ಟ ಆ ಚೇರ್ಮನ್?”

“ಬಿಡಿಕಾಸು ಮುಟ್ಟಲಿಲ್ಲ ಮಾರಾಯ. ಕಾಲು ಹಿಡ್ಕಂಡು ಅತ್ರೆ ನಾ ಎಂತ ಮಾಡೂದು?” ಮುದುಕ ಕಣ್ಣು ತಗ್ಗಿಸಿದ. “ಯಾರು ಅಂತ ಮಾತ್ರ ಕೇಳ್ಬೇಡ.”

ಕೇಳುವುದೇನು ಬಂತು? ಅಷ್ಟು ದೊಡ್ಡ ಚೇರ್ಮನ್ ಗುನಗನ ಕಾಲು ಹಿಡಿದ ಚಂದ ನೆನೆದು ಜಟ್ಟಿ ಉಗುಳಿದ. ನೆಟ್ಟಗೆ ರಮಾಕಾಂತನ ಅಂಗಳಕ್ಕೆ ಹೋಗಿ ಕೇರಿಗೆಲ್ಲ ಕೇಳುವಂತೆ ಬೈದ. ರಮಾಕಾಂತ ಕಂಬಕ್ಕೊರಗಿ ಎಲ್ಲ ಕೇಳಿಸಿಕೊಂಡ. ತಪ್ಪು ಮಾಡದವನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಸಂಜೆ ರಮಾಕಾಂತನೇ ಜಟ್ಟಿಯ ಮನೆಗೆ ಬಂದ.

“ನಾ ಮಾಡಿದ್ದಲ್ಲ. ಆದ್ರೂ ನನ್ನ ಗದ್ದೆ ಉಳೀತು, ನಿಂದು ಹೋಯ್ತು. ಗಂಗೆ ಮದುವೆ ಖರ್ಚು ನಂಗಿರಲಿ.”

ಜಟ್ಟಿ ಬಾಯಿ ತೆರೆಯುವ ಮೊದಲೇ ಗಂಗೆ ಒಳಗಿಂದ ಬಂದಳು.

“ಬ್ಯಾಡ. ನಿಮ್ಮ ಋಣ ನಮಗೆ ಬ್ಯಾಡ.”

ಜಟ್ಟಿಯ ಎದೆ ಉಬ್ಬಿತು. ಹೆಂಡತಿ ಸತ್ತ ಮೇಲೆ ಒಬ್ಬನೇ ಸಾಕಿದ ಮಗಳು. ಲೋಕವೆಲ್ಲ ಕೈಕೊಟ್ಟರೂ ಇವಳೊಬ್ಬಳು ತನ್ನ ಮಾನ ಕಾಯುತ್ತಾಳೆ ಎಂದುಕೊಂಡ.

ಮರುದಿನ ಊರು ಗುಡಿಯಲ್ಲಿ ಸೇರಿತು. ರಮಾಕಾಂತ ದೀಪ ಮುಟ್ಟಿ ಆಣೆ ಇಟ್ಟ. ಗುನಗ ಮೋಸವನ್ನು ಒಪ್ಪಿಕೊಂಡ, ಹೆಸರು ಮಾತ್ರ ಹೇಳಲಿಲ್ಲ.

“ಹಂಗಾದ್ರೆ ಇವ ಇನ್ನು ಗುಡಿ ಮೆಟ್ಟೂದು ಬ್ಯಾಡ!” ಜಟ್ಟಿ ಕೂಗಿದ. ಊರೂ ಹೌದೆಂದಿತು. ಹುಟ್ಟಿದಂದಿನಿಂದ ಆ ಗುಡಿಯನ್ನೇ ನಂಬಿದ್ದ ಮುದುಕ ಸೊಂಟದ ಬೀಗದಕೈ ಬಿಚ್ಚಿ ಹೊಸ್ತಿಲ ಮೇಲಿಟ್ಟ.

ಹೆಂಗಸರ ಗುಂಪಿನಿಂದ ಗಂಗೆ ಮುಂದೆ ಬಂದಳು. ಬೀಗದಕೈ ಎತ್ತಿ ಗುನಗನ ಕೈಗೆ ಕೊಟ್ಟಳು. ಆಮೇಲೆ ತಂದೆಯ ಕಡೆ ತಿರುಗಿದಳು.

“ಇವರ ಕಾಲು ಹಿಡ್ಕಂಡು ಅತ್ತದ್ದು ನಾನು, ಅಪ್ಪ. ಆ ಮದುವೆ ಬ್ಯಾಡ ಅಂತ ಮೊದಲು ನಿನ್ನ ಕಾಲೇ ಹಿಡ್ದಿದ್ದೆ.”