ಬೀಳಿಸದವನು ಬೇಕು

"ಬಾಗಿಲು ಹಾಕು," ಎಂದರು ಕೋಚ್ ಲಿಂಡ್‌ಕ್ವಿಸ್ಟ್. "ಚಿಲಕಾನೂ ಹಾಕು."

ಮಾರಿಟ್ ಎರಡನ್ನೂ ಹಾಕಿದಳು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅಂಕಿ ಅಂಶ ನೋಡಿಕೊಳ್ಳುವವಳಾಗಿ ಸೇರಿದ ಮೇಲೆ ಕೋಚ್ ಅವಳನ್ನು ಕರೆಸಿದ್ದು ಇದು ಎರಡನೇ ಸಲ. ಮೊದಲ ಸಲ ಪ್ರಿಂಟರ್ ಕೆಟ್ಟಿತ್ತು.

"ಎಸೆದದ್ದನ್ನ ಹಿಡಿಯೋ ರಿಸೀವರ್ ಹುಡುಗರ ಲೆಕ್ಕ ಇಟ್ಟಿದೀಯಂತೆ?"

"ಇಟ್ಟಿದೀನಿ ಕೋಚ್." ಮಾರಿಟ್ ಉಸಿರೆಳೆದುಕೊಂಡಳು. ಈ ಪ್ರಶ್ನೆಗಾಗಿ ಅವಳು ಸೆಪ್ಟೆಂಬರ್‌ನಿಂದ ಕಾದಿದ್ದಳು. "ಒಟ್ಟು ಎಷ್ಟು ಗಜ ಓಡಿದ ಅಂತ ನೋಡಿದ್ರೆ ಮೋಸ ಹೋಗ್ತೀವಿ. ಯಾರ ಕಡೆಗೆ ಜಾಸ್ತಿ ಎಸೀತೀವೋ ಅವನಿಗೆ ಗಜಾನೂ ಜಾಸ್ತಿ. ಅದಕ್ಕೇ ನಾನು ಪ್ರತಿ ಎಸೆತಕ್ಕೂ..."

"ಗಜ ಬೇಡ ಮಾರಾಯ್ತಿ. ವೇಗಾನೂ ಬೇಡ. ಕೈಗೆ ಬಂದದ್ದನ್ನ ಬೀಳಿಸದೇ ಇರೋನು ಯಾರು? ಅಷ್ಟು ಹೇಳು."

ಕೋಚ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮಿನೆಸೋಟದ ಅಕ್ಟೋಬರ್ ಕೊನೆ. ಕಿಟಕಿಯಾಚೆ ಮೊದಲ ಹಿಮ ಉದುರುತ್ತಿತ್ತು. ಆದರೂ ಅವರು ಬೆವರುತ್ತಿದ್ದರು.

"ಹೋದ ವರ್ಷ ಆ ಟ್ರೆಂಟ್‌ನ ನಂಬಿದೆ. ಊರೆಲ್ಲ ನೋಡ್ತಿದ್ದ ಹಾಗೇ ಅವನ ಕೈಯಿಂದ ಜಾರ್ತು. ಎದುರಿಗೆ ನಿಂತಿದ್ದೋನು ಹಾರಿ ಹಿಡ್ಕೊಂಡ. ನನ್ನ ಹೆಂಡತಿ ಕ್ರಿಸ್‌ಮಸ್‌ವರೆಗೂ ಮಾತಾಡಿಸಲಿಲ್ಲ. ಈ ವಾರಾಂತ್ಯ ಮತ್ತೆ ಹಾಗಾದ್ರೆ ನಾನು ಊರು ಬಿಡಬೇಕು. ನಾನು ಬಿಡೋ ಮುಂಚೆ ನೀನು ಬಿಡ್ತೀಯ. ನಿನ್ನ ಕಂಪ್ಯೂಟರೂ ನಿನ್ನ ಜೊತೆ ಬರುತ್ತೆ."

"ಬೀಳದಿದ್ರೆ?"

"ಮುಂದಿನ ವರ್ಷಾನೂ ಕೆಲಸ ನಿಂದೇ. ಕಿಟಕಿ ಇರೋ ಕೋಣೆ ಕೊಡಿಸ್ತೀನಿ."

ಮಾರಿಟ್ ಸದ್ಯ ಕೂರುತ್ತಿದ್ದುದು ಬಾಯ್ಲರ್ ಕೋಣೆಯಲ್ಲಿ.

"ಬ್ರೇಡನ್ ಹಾಲ್ವರ್‌ಸನ್ ನಮ್ಮ ದೊಡ್ಡ ಹೀರೋ," ಎಂದು ಶುರು ಮಾಡಿದಳು. "ಆದ್ರೆ ಗೆರೆ ದಾಟಿ ಅಂಕ ಗಳಿಸಿದ ಕೂಡಲೇ ಖುಷೀಲಿ ಎರಡೂ ಕೈಲಿ ಎತ್ತಿ ನೆಲಕ್ಕೆ ಅಪ್ಪಳಿಸ್ತಾನೆ."

ಕೋಚ್ ಮುಖ ಸುಣ್ಣವಾಯಿತು. "ಬ್ರೇಡನ್ ಬೇಡ! ಅವನ ಹೆಸರೇ ಎತ್ತಬೇಡ!"

"ಮಾರ್ಕಸ್ ಓಡೆಲ್ ಒಂದೇ ಕೈಲಿ ಹಿಡೀತಾನೆ. ನೋಡೋಕೆ ಚೆನ್ನಾಗಿರುತ್ತೆ. ಆಮೇಲೆ ಪ್ರೇಕ್ಷಕರ ಕಡೆಗೆ ಎಸೆದುಬಿಡ್ತಾನೆ."

"ಅಯ್ಯೋ ಪರಮಾತ್ಮಾ."

"ಹಾಗಾದ್ರೆ ವೆಂಡೆಲ್ ಕ್ರೂಸ್. ನಿಧಾನ. ಅವನ ಕಡೆಗೆ ಯಾರೂ ಎಸೆಯೋದೇ ಇಲ್ಲ, ಅದಕ್ಕೇ ಪತ್ರಿಕೇಲಿ ಹೆಸರು ಬರಲ್ಲ. ಆದ್ರೆ ಎಸೆದದ್ದು ಒಂದನ್ನೂ ಬಿಟ್ಟಿಲ್ಲ. ತಂಡದಲ್ಲೇ ಅತ್ಯಂತ ದಕ್ಷ."

ಕೋಚ್ ಮುಂದಕ್ಕೆ ಬಾಗಿದರು. "ಒದ್ದೆಯಾಗಿದ್ರೆ?"

"ಮಳೆಯಲ್ಲೂ ಒಂದೂ ಬಿಟ್ಟಿಲ್ಲ."

"ಕಿವಿ ಹತ್ತಿರವೇ ಕಿರುಚಿದ್ರೆ?"

"ತಿರುಗಿ ಕೂಡ ನೋಡಲ್ಲ."

"ಎದೆಗೆ ಒದ್ರೆ?"

ಇಂಥ ಒದೆಗೆ ರೆಫ್ರಿ ಸೀಟಿ ಊದುತ್ತಾನಲ್ಲ ಎಂದುಕೊಂಡಳು ಮಾರಿಟ್. ಆದರೂ ಉತ್ತರ ಸಿದ್ಧವಿತ್ತು. "ಅವರ ಮನೇಲಿ ಟರ್ಕಿ ಕೋಳಿ ಸಾಕ್ತಾರೆ ಕೋಚ್. ಒದ್ದಾಡೋದನ್ನ ಅವುಚಿ ಹಿಡಿಯೋದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸ."

"ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಂಗೆ!" ಎಂದು ಕೋಚ್ ಎದ್ದು ಅವಳ ಕೈ ಕುಲುಕಿದರು.

ಬಾಯ್ಲರ್ ಕೋಣೆಗೆ ಮರಳಿದ ಮಾರಿಟ್ ಹೋದ ವರ್ಷದ ಪಂದ್ಯಗಳ ವಿಡಿಯೋಗಳನ್ನೆಲ್ಲ ಹಾಕಿ ನೋಡಿದಳು. ಟ್ರೆಂಟ್ ಕೈಯಿಂದ ಜಾರಿ ಎದುರಾಳಿಯ ಕೈ ಸೇರಿದ ಚೆಂಡು ಎಲ್ಲೂ ಸಿಗಲಿಲ್ಲ. ಕೋಚ್‌ಗೆ ವಯಸ್ಸಾಯಿತು ಅಂದುಕೊಂಡು ಸುಮ್ಮನಾದಳು.

ಶನಿವಾರದ ಪಂದ್ಯ ಶುರುವಾದಾಗ ಅವಳ ಕಣ್ಣು ವೆಂಡೆಲ್‌ನನ್ನು ಹುಡುಕಿತು. ಮೈದಾನದಲ್ಲಿ ಬ್ರೇಡನ್ ಇದ್ದ, ಮಾರ್ಕಸ್ ಇದ್ದ. ವೆಂಡೆಲ್ ಬೆಂಚಿನ ಮೇಲೆ ಕಂಬಳಿ ಹೊದ್ದು, ಉಣ್ಣೆಯ ಕೈಗವಸು ಹಾಕಿಕೊಂಡು, ಬಿಸಿ ಕೋಕೋ ಹೀರುತ್ತ ಕೂತಿದ್ದ. ಕೊನೆಯ ಸೀಟಿ ಊದುವವರೆಗೂ ಹಾಗೇ ಕೂತಿದ್ದ. ಬ್ರೇಡನ್ ಎರಡು ಚೆಂಡು ಬೀಳಿಸಿದ. ತಂಡ ಸೋತಿತು.

ಮಾರಿಟ್ ಮೆಟ್ಟಿಲಿಳಿದು ಓಡಿ ಬಂದಳು. ಅವಳ ಕೆಲಸ, ಕಿಟಕಿ, ಎಲ್ಲ ಆ ಎರಡು ಚೆಂಡಿನ ಜೊತೆ ಬಿದ್ದಿದ್ದವು.

"ನಾನು ವೆಂಡೆಲ್ ಅಂತ ಹೇಳಿದ್ದೆ ಕೋಚ್!"

"ನಾನೂ ಅವನನ್ನೇ ಆರಿಸಿದೀನಲ್ಲಮ್ಮ."

"ಆರಿಸಿ ಬೆಂಚಿನ ಮೇಲೆ ಕೂರಿಸಿದ್ರಾ?"

"ಮತ್ತೇನು, ಆ ಗೂಳಿಗಳ ಮಧ್ಯೆ ಬಿಟ್ಟು ಬೆರಳು ಮುರಿಸಲಾ? ನನ್ನ ಹೆಂಡತಿ ಅವನ ಕೈ ನೋಡಿ ಒಪ್ಪಿದಾಳೆ." ಸೋತ ಕೋಚ್‌ರ ಮುಖದಲ್ಲಿ ಸೋಲಿನ ಸುಳಿವೇ ಇರಲಿಲ್ಲ. "ನಾಳೆ ಬೆಳಿಗ್ಗೆ ಹತ್ತಕ್ಕೆ ನೀನೂ ಬಾ. ನಿನ್ನ ಲೆಕ್ಕ ಸರಿಯೋ ತಪ್ಪೋ, ನಿನ್ನ ಕಣ್ಣಾರೆ ನೋಡು. ಒಳ್ಳೆ ಬಟ್ಟೆ ಹಾಕ್ಕೊ. ಆಮೇಲೆ ಕಾಫಿ, ಕೇಕು ಇದೆ."

"ನಾಳೆ ಪಂದ್ಯವೇ ಇಲ್ವಲ್ಲ ಕೋಚ್!"

"ಪಂದ್ಯ ಯಾರು ಅಂದ್ರು?"

ಭಾನುವಾರ ಹತ್ತು ಗಂಟೆಗೆ ಲೂಥರನ್ ಚರ್ಚಿನ ಮೊದಲ ಸಾಲಿನಲ್ಲಿ ಮಾರಿಟ್ ಕಣ್ಣು ಪಿಳುಕಿಸದೆ ಕೂತಿದ್ದಳು. ಹೋದ ವರ್ಷ ಟ್ರೆಂಟ್ ಕೈಯಿಂದ ಜಾರಿದ್ದನ್ನು ಹಾರಿ ಹಿಡಿದಿದ್ದ ಪಾದ್ರಿ ಈ ಸಲವೂ ಒಂದು ಕಾಲು ಮುಂದಿಟ್ಟು, ಮೊಣಕಾಲು ಬಗ್ಗಿಸಿ, ಸಿದ್ಧರಾಗೇ ನಿಂತು ದೀಕ್ಷಾಸ್ನಾನದ ನೀರು ಸುರಿದರು. ಒದ್ದೆಯಾಗಿ, ಕಿವಿಯ ಹತ್ತಿರವೇ ಕಿರುಚಿ, ಎದೆಗೆ ಎರಡು ಒದೆ ಕೊಟ್ಟರೂ ಜ್ಞಾನತಂದೆಯಾಗಿ ಎತ್ತಿಕೊಂಡು ನಿಂತಿದ್ದ ವೆಂಡೆಲ್ ಕ್ರೂಸ್‌ನ ಎರಡೂ ಕೈಗಳಿಂದ ಒಂದಿಂಚೂ ಜಾರಲಿಲ್ಲ, ಕೋಚ್ ಲಿಂಡ್‌ಕ್ವಿಸ್ಟ್‌ರ ಪುಟ್ಟ ಮೊಮ್ಮಗಳು.